ಎಲ್ಲದಕ್ಕೂ ಆ್ಯಪ್ ಬೇಕಾ? ಕಲಬುರಗಿಯಲ್ಲಿ ಕೂತು ಮಾಡಿದ ಒಂದು ಹೋಲಿಕೆ

ಕಲಬುರಗಿಯಲ್ಲಿ ಈಗ ಎಲ್ಲಿ ಹೋದರೂ ಒಂದೇ ಮಾತು, "ನಮ್ಮ ಆ್ಯಪ್ ಹಾಕ್ಕೊಳ್ರಿ". ಬಟ್ಟೆ ಅಂಗಡಿ, ಔಷಧಿ ಅಂಗಡಿ, ಲ್ಯಾಬ್, ಮಕ್ಕಳ ಟ್ಯೂಷನ್, ಎಲ್ಲ ಕಡೆ. ಎಲ್ಲರ ಮಾತು ಕೇಳಿ ಎಲ್ಲ ಹಾಕಿಕೊಂಡರೆ ಫೋನ್ ಆರು ತಿಂಗಳಿಗೆ ಏದುಸಿರು ಬಿಡುತ್ತದೆ. ನನ್ನದು 64 ಜಿಬಿ ಫೋನ್, ಅವ್ವನದು 32 ಜಿಬಿ. ನಮ್ಮ ಮನೆಯಲ್ಲಿ, ನೆಂಟರಲ್ಲಿ, ಓಣಿಯಲ್ಲಿ ಹೆಚ್ಚಿನವರ ಹತ್ತಿರ ಇರುವುದು ಇಂಥವೇ. ಅದಕ್ಕೇ ದಿನಬಳಕೆಯ ಕೆಲಸಗಳನ್ನು ಒಂದೊಂದಾಗಿ ಆ್ಯಪಿನಲ್ಲೂ ಮಾಡಿ, ಕ್ರೋಮ್ ತೆರೆದು ವೆಬ್‌ಸೈಟಿನಲ್ಲೂ ಮಾಡಿ ನೋಡಿದ್ದೇನೆ. ರೈಲು ಟಿಕೆಟ್, ಪಹಣಿ, ಬೆಳೆ ಸಮೀಕ್ಷೆ, ಕರೆಂಟ್ ಬಿಲ್, ಬಟ್ಟೆಬರೆ, ಹಣ ಕಳಿಸುವುದು, ಮಳೆ ಸುದ್ದಿ.

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಮೊದಲು ವೆಬ್‌ಸೈಟ್ ತೆರೆದು ನೋಡಿ. ಸಿಮ್, ಕ್ಯಾಮೆರಾ, ಜಿಪಿಎಸ್ ಇಲ್ಲದೆ ಆ ಕೆಲಸ ಆಗುವುದೇ ಇಲ್ಲ ಅಂದರೆ ಆ್ಯಪ್ ಹಾಕಿ. ನೆಟ್‌ವರ್ಕ್ ಇಲ್ಲದ ಜಾಗದಲ್ಲಿ ಬೇಕಾಗುತ್ತದೆ ಅಂದರೂ ಹಾಕಿ. ದಿನಾ ಬಳಸುವಂಥದ್ದಾದರೆ ಅದಕ್ಕೂ ನನ್ನ ತಕರಾರಿಲ್ಲ. ಇದ್ಯಾವುದೂ ಅಲ್ಲ, ಅಂಗಡಿಯವರು ಹೇಳಿದರು ಅಂತ ಮಾತ್ರ ಆದರೆ ಬೇಡ.

ರೈಲಿನಿಂದ ಶುರು ಮಾಡೋಣ, ಯಾಕೆಂದರೆ ನಮ್ಮ ಊರಿನವರಿಗೆ ಬೆಂಗಳೂರು ಅಂದರೆ ರೈಲೇ. ಉದ್ಯಾನ್, ಬಸವ, ಸೊಲ್ಲಾಪುರ–ಹಾಸನ, 2024ರ ಮಾರ್ಚ್‌ನಿಂದ ವಂದೇ ಭಾರತ್ ಕೂಡ ಇದೆ. ಐಆರ್‌ಸಿಟಿಸಿ ವೆಬ್‌ಸೈಟ್ ಫೋನಿನಲ್ಲೇ ತೆರೆಯುತ್ತದೆ, ಟಿಕೆಟ್ ಆಗುತ್ತದೆ, ದುಡ್ಡು ಕಟ್ಟಬಹುದು. ಹಬ್ಬಕ್ಕೆ ತಿಂಗಳು ಮೊದಲೇ ನಿಧಾನವಾಗಿ ಕೂತು ಬುಕ್ ಮಾಡುವವರಿಗೆ ಇದು ಧಾರಾಳವಾಗಿ ಸಾಕು. 2024ರ ನವೆಂಬರ್‌ನಿಂದ ಮುಂಗಡ ಬುಕಿಂಗ್ 60 ದಿನಕ್ಕೆ ಇಳಿದಿದೆ, ಆ ಲೆಕ್ಕ ಮಾತ್ರ ನೆನಪಿರಲಿ. ಆದರೆ ತತ್ಕಾಲ್ ವಿಷಯ ಬೇರೆ. ಎಸಿ ಬೋಗಿಗೆ ಬೆಳಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ ಶುರು. ಅಲ್ಲಿ ಒಂದೊಂದು ಸೆಕೆಂಡಿಗೂ ಬೆಲೆ ಇದೆ. ವೆಬ್‌ಸೈಟಿನಲ್ಲಿ ಯೂಸರ್ ಐಡಿ, ಪಾಸ್‌ವರ್ಡ್, ಕ್ಯಾಪ್ಚಾ ಎಲ್ಲ ಒತ್ತಿ ಒಳಗೆ ಹೋಗಬೇಕು. ಆ್ಯಪಿನಲ್ಲಿ ಒಂದು ಪಿನ್ ಒತ್ತಿದರೆ ಒಳಗೆ ಇರುತ್ತೀರಿ. ಹಾಗಾಗಿ ತತ್ಕಾಲ್ ಟಿಕೆಟ್ ಮೇಲೆ ಓಡಾಡುವವರು ಆ್ಯಪ್ ಇಟ್ಟುಕೊಳ್ಳಿ, ನಾನೂ ಇಟ್ಟುಕೊಂಡಿದ್ದೇನೆ. ಒಂದು ವಿಷಯ, ತತ್ಕಾಲ್‌ಗೆ 2025ರ ಜುಲೈನಿಂದ ಆಧಾರ್ ದೃಢೀಕರಣ ಕಡ್ಡಾಯ. ವೆಬ್‌ಸೈಟ್ ಆದರೂ ಅಷ್ಟೇ, ಆ್ಯಪ್ ಆದರೂ ಅಷ್ಟೇ. ಇದನ್ನು ಹಿಂದಿನ ದಿನವೇ ಮುಗಿಸಿಡಿ, ಹತ್ತು ಗಂಟೆಗೆ ಇದನ್ನು ಮಾಡುತ್ತಾ ಕೂತರೆ ಸೀಟು ಹೋಗಿರುತ್ತದೆ.

ಪಿಎನ್‌ಆರ್ ನೋಡೋಕೆ ಮಾತ್ರ ಯಾವ ಆ್ಯಪೂ ಬೇಡ. 139ಕ್ಕೆ ಎಸ್‌ಎಂಎಸ್ ಕಳಿಸಿದರೆ ಉತ್ತರ ಬರುತ್ತದೆ. ಗಾಡಿ ಎಲ್ಲಿದೆ ಅಂತ ನೋಡೋಕೆ ರೈಲ್ವೆಯದ್ದೇ ಎನ್‌ಟಿಇಎಸ್ ವೆಬ್‌ಸೈಟ್ ಇದೆ, ಗಾಡಿ ನಂಬರ್ ಹಾಕಿದರೆ ವಾಡಿ ಬಿಟ್ಟಿದೆಯಾ, ಶಹಾಬಾದ್ ದಾಟಿದೆಯಾ ಗೊತ್ತಾಗುತ್ತದೆ. ಜನರಲ್ ಟಿಕೆಟ್ ತೆಗೆಯುವವರಿಗೆ ಮಾತ್ರ ಆ್ಯಪಿನಿಂದ ನಿಜವಾದ ಲಾಭ ಇದೆ, ಸ್ಟೇಷನ್ ಕೌಂಟರಿನ ಸಾಲು ತಪ್ಪುತ್ತದೆ. 2025ರ ಜುಲೈನಲ್ಲಿ ಬಂದ ರೈಲ್‌ಒನ್ ಆ್ಯಪಿನಲ್ಲಿ ರಿಸರ್ವೇಶನ್, ಜನರಲ್ ಟಿಕೆಟ್, ಪಿಎನ್‌ಆರ್, ಗಾಡಿಯ ಸಮಯ ಎಲ್ಲ ಒಂದೇ ಕಡೆ ಇವೆ. ರೈಲಿನದೇ ಮೂರ್ನಾಲ್ಕು ಆ್ಯಪ್ ಇಟ್ಟುಕೊಂಡಿದ್ದರೆ ಒಂದಕ್ಕೆ ಇಳಿಸಬಹುದು.

ಬಸ್ಸಿಗೆ ಇಷ್ಟೆಲ್ಲ ಯೋಚನೆ ಬೇಡ. ಸಾರಿಗೆ ನಿಗಮದ ವೆಬ್‌ಸೈಟಿನಲ್ಲೇ ಸೀಟು ಹಿಡಿಯಬಹುದು. ವರ್ಷಕ್ಕೆ ಮೂರು ಸಲ ಹೋಗುವ ಪ್ರಯಾಣಕ್ಕೆ ವರ್ಷವಿಡೀ ಒಂದು ಆ್ಯಪ್ ಸಾಕಬೇಕಾ, ಹೇಳಿ.

ಈಗ ಪಹಣಿ. ಇದು ನನಗೆ ತುಂಬಾ ಹತ್ತಿರದ ವಿಷಯ. ನಮ್ಮ ಹೊಲ ಆಳಂದ ತಾಲೂಕಿನಲ್ಲಿದೆ. ಭೂಮಿ ಯೋಜನೆ 2000ದಲ್ಲಿ ಶುರುವಾಗಿ ಪಹಣಿ ಕಂಪ್ಯೂಟರಿಗೆ ಬಂತು, ಈಗ ಅದೇ ಪಹಣಿ ಫೋನಿನಲ್ಲಿ ಉಚಿತವಾಗಿ ನೋಡಬಹುದು. ಲ್ಯಾಂಡ್‌ರೆಕಾರ್ಡ್ಸ್ ಡಾಟ್ ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್ ತೆರೆಯಿರಿ. ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ ಆರಿಸಿ, ಸರ್ವೆ ನಂಬರ್ ಹಾಕಿ, ಆಮೇಲೆ ಸರ್ನಾಕ್, ಹಿಸ್ಸಾ (ಸರ್ವೆ ನಂಬರಿನ ಒಳಭಾಗಗಳು). ಸರ್ನಾಕ್ ಅನ್ನುವ ಕಡೆ ಬಹಳ ಸಲ ಬರೀ ಒಂದು ನಕ್ಷತ್ರದ ಗುರುತು ಬರುತ್ತದೆ, ಗಾಬರಿ ಬೇಡ, ಅದನ್ನೇ ಆರಿಸಿ ಮುಂದೆ ಹೋಗಿ. ಪಹಣಿ ತೆರೆದ ಮೇಲೆ ಫೋನನ್ನು ಅಡ್ಡ ಮಾಡಿ ಹಿಡಿಯಿರಿ, ಎರಡು ಬೆರಳಿನಿಂದ ಹಿಗ್ಗಿಸಿ. 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ರಲ್ಲಿ ಸಾಲ ಮತ್ತು ಇತರ ಹಕ್ಕುಗಳು, 12ರಲ್ಲಿ ಬೆಳೆ. ಸೊಸೈಟಿ ಸಾಲ ತೀರಿಸಿ ಎಷ್ಟೋ ದಿನ ಆದ ಮೇಲೂ 11ನೇ ಕಾಲಂನಲ್ಲಿ ಅದು ಹಾಗೇ ಉಳಿದಿದೆಯಾ ಅಂತ ಮನೆಯಲ್ಲೇ ಕೂತು ನೋಡಿಕೊಳ್ಳಬಹುದು. ನಾಡಕಚೇರಿಗೆ ಹೋಗಬೇಕೋ ಬೇಡವೋ ಅನ್ನುವುದು ಅಲ್ಲೇ ತೀರ್ಮಾನ ಆಗುತ್ತದೆ. ಬ್ಯಾಂಕಿಗೆ ಕೊಡಲು ಸಹಿ ಇರುವ ಪ್ರತಿ ಬೇಕಾದರೆ ಅದಕ್ಕೆ ಸಣ್ಣ ಶುಲ್ಕ ಇದೆ, ಅದೂ ವೆಬ್‌ಸೈಟಿನಲ್ಲೇ ಸಿಗುತ್ತದೆ.

ಪ್ಲೇ ಸ್ಟೋರಿನಲ್ಲಿ ಪಹಣಿ ಅಂತ ಹುಡುಕಿದರೆ ಸಾಲುಸಾಲು ಆ್ಯಪ್‌ಗಳು ಬರುತ್ತವೆ. ಹೆಸರಿನಲ್ಲಿ ಕರ್ನಾಟಕ ಇರುತ್ತದೆ, ಗುರುತಿನಲ್ಲಿ ಹೊಲದ ಚಿತ್ರ ಇರುತ್ತದೆ, ಸರ್ಕಾರದ್ದೇ ಅನ್ನಿಸುತ್ತದೆ. ತೆರೆದು ನೋಡಿ, ಹೆಚ್ಚಿನವು ಒಳಗೆ ಅದೇ ಸರ್ಕಾರಿ ವೆಬ್‌ಸೈಟನ್ನೇ ತೋರಿಸುತ್ತವೆ. ಮೇಲೆ ಕೆಳಗೆ ಜಾಹೀರಾತು, ನಡುವೆ ನಮ್ಮ ಪಹಣಿ. ತಾಲೂಕು ಆರಿಸುವಷ್ಟರಲ್ಲಿ ಒಂದು ವಿಡಿಯೋ ಜಾಹೀರಾತು, ಅದನ್ನು ಮುಚ್ಚುವ ಗುಂಡಿ ಕೂದಲೆಳೆಯಷ್ಟು. ಉಚಿತವಾಗಿ ನೇರವಾಗಿ ಸಿಗುವುದಕ್ಕೆ ನಡುವೆ ಒಬ್ಬ ದಲ್ಲಾಳಿ ಯಾಕೆ? ಪ್ಲೇ ಸ್ಟೋರಿನಲ್ಲಿ ಆ್ಯಪ್ ಹೆಸರಿನ ಕೆಳಗೆ ಮಾಡಿದವರ ಹೆಸರು ಇರುತ್ತದೆ. ಹಾಕುವ ಮೊದಲು ಅದನ್ನೊಮ್ಮೆ ಓದಿ, ಇಲಾಖೆಯ ಹೆಸರು ಇಲ್ಲದಿದ್ದರೆ ಬಿಟ್ಟುಬಿಡಿ.

ಆದರೆ ಹೊಲದ ವಿಷಯದಲ್ಲೇ ಆ್ಯಪ್ ಗೆಲ್ಲುವ ಜಾಗವೂ ಇದೆ. ದಿಶಾಂಕ್ ಇದೆ ನೋಡಿ, ಸರ್ಕಾರದ್ದೇ. ಬದುವಿನ ಮೇಲೆ ನಿಂತು ತೆರೆದರೆ ನಾವು ನಿಂತಿರುವುದು ಯಾವ ಸರ್ವೆ ನಂಬರಿನಲ್ಲಿ ಅಂತ ತೋರಿಸುತ್ತದೆ. ನಾಲ್ಕು ಹೆಜ್ಜೆ ನಡೆದರೆ ಗುರುತೂ ನಡೆಯುತ್ತದೆ. ಜಿಪಿಎಸ್ ಅಂದಮೇಲೆ ನಾಲ್ಕಾರು ಮೀಟರ್ ಆಚೀಚೆ ಆಗುತ್ತದೆ, ಅದನ್ನು ತೋರಿಸಿ ಪಕ್ಕದ ಹೊಲದವರ ಜೊತೆ ಜಗಳಕ್ಕೆ ನಿಲ್ಲಬೇಡಿ, ಹದ್ದುಬಸ್ತಿಗೆ ಸರ್ವೆಯರ್ ಬರಲೇಬೇಕು. ಆದರೆ ಹೊಲ ಕೊಳ್ಳುವ ಮೊದಲು, ಮಾರುವವರು ತೋರಿಸುತ್ತಿರುವುದು ಕಾಗದದಲ್ಲಿರುವ ಸರ್ವೆ ನಂಬರೇನಾ ಅಂತ ನೋಡೋಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಬೆಳೆ ಸಮೀಕ್ಷೆ ಆ್ಯಪೂ ಹಾಗೇ. 2020ರಿಂದ ರೈತರೇ ತಮ್ಮ ಹೊಲದ ಬೆಳೆ ಫೋಟೊ ತೆಗೆದು ಹಾಕಬಹುದು. ನಮ್ಮ ಕಡೆ ಎಲ್ಲರ ಹೊಲದಲ್ಲೂ ತೊಗರಿ, 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಭೌಗೋಳಿಕ ಗುರುತೂ ಸಿಕ್ಕಿದೆ. ಬೆಳೆ ವಿಮೆಗೆ, ಬೆಂಬಲ ಬೆಲೆ ಖರೀದಿಗೆ ಈ ಸಮೀಕ್ಷೆಯ ಮಾಹಿತಿಯನ್ನೇ ನೋಡುತ್ತಾರೆ. ತೊಗರಿ ಬಿತ್ತಿದ ಹೊಲದಲ್ಲಿ ಸೋಯಾ ಅಂತ ದಾಖಲಾದರೆ ಮುಂದೆ ಖರೀದಿ ಕೇಂದ್ರದಲ್ಲಿ ತಲೆ ಮೇಲೆ ಕೈ ಹೊತ್ತು ಕೂರಬೇಕಾಗುತ್ತದೆ. ಈ ಕೆಲಸ ವೆಬ್‌ಸೈಟಿನಲ್ಲಿ ಆಗುವಂಥದ್ದಲ್ಲ, ಹೊಲದಲ್ಲೇ ನಿಂತು ಫೋಟೊ ತೆಗೆಯಬೇಕು, ಜಾಗ ದಾಖಲಾಗಬೇಕು. ಊರಲ್ಲಿ ನೆಟ್‌ವರ್ಕ್ ಇರುವಾಗ ಮಾಹಿತಿ ಇಳಿಸಿಕೊಂಡು, ಹೊಲದಲ್ಲಿ ಫೋಟೊ ತೆಗೆದು, ವಾಪಸ್ ಬಂದ ಮೇಲೆ ಅಪ್‌ಲೋಡ್ ಮಾಡಬಹುದು. ಹಂಗಾಮು ಮುಗಿದ ಮೇಲೆ ತೆಗೆದುಹಾಕಿ, ಮುಂದಿನ ಹಂಗಾಮಿಗೆ ಹೊಸದು ಹಾಕಿಕೊಂಡರಾಯಿತು. ತೆಗೆಯುವ ಮೊದಲು ಫೋಟೊಗಳು ಅಪ್‌ಲೋಡ್ ಆಗಿವೆಯಾ ಅಂತ ಮಾತ್ರ ನೋಡಿಕೊಳ್ಳಿ.

ಇದೇ ಸಾಲಿನಲ್ಲಿ ದಾಮಿನಿ ಆ್ಯಪನ್ನೂ ಹೇಳಬೇಕು. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ಮಾಡಿದ್ದು, ನಾವಿರುವ ಜಾಗದ ಸುತ್ತ 20 ಮತ್ತು 40 ಕಿಲೋಮೀಟರ್ ಒಳಗೆ ಸಿಡಿಲಿನ ಅಪಾಯ ಇದ್ದರೆ ಎಚ್ಚರಿಸುತ್ತದೆ. ಬಯಲುಸೀಮೆಯ ಹೊಲದಲ್ಲಿ ಮರದ ಕೆಳಗೆ ನಿಲ್ಲುವ ಅಭ್ಯಾಸ ನಮ್ಮವರಿಗೆ ಇನ್ನೂ ಹೋಗಿಲ್ಲ. ಏಪ್ರಿಲ್, ಮೇ ತಿಂಗಳ ಸಂಜೆ ಮೋಡ ಕಟ್ಟಿದಾಗ ವೆಬ್‌ಸೈಟ್ ತೆರೆದು ಯಾರು ನೋಡುತ್ತಾ ಕೂರುತ್ತಾರೆ, ಎಚ್ಚರಿಕೆ ತಾನಾಗಿ ಬರಬೇಕು. ಹೊಲಕ್ಕೆ ಹೋಗುವ ಪ್ರತಿಯೊಬ್ಬರ ಫೋನಿನಲ್ಲೂ ಇದು ಇರಲಿ.

ಹಣದ ಆ್ಯಪ್ ಬೇಕೇ ಬೇಕು, ಅದರಲ್ಲಿ ಚರ್ಚೆ ಇಲ್ಲ. 2016ರಲ್ಲಿ ಬಂದ ಯುಪಿಐ ಸಿಮ್ ಮತ್ತು ಫೋನಿಗೆ ಕಟ್ಟಿಕೊಂಡು ಕೆಲಸ ಮಾಡುತ್ತದೆ. ಶುರುವಿನಲ್ಲಿ ನಿಮ್ಮ ಫೋನಿನಿಂದ ಒಂದು ಎಸ್‌ಎಂಎಸ್ ತಾನಾಗಿ ಹೋಗುತ್ತದೆ ನೋಡಿ, ಈ ನಂಬರ್ ಈ ಫೋನಿನಲ್ಲೇ ಇದೆ ಅಂತ ಬ್ಯಾಂಕಿಗೆ ಗೊತ್ತಾಗುವುದು ಅದರಿಂದಲೇ. ಆದರೆ ಒಂದು ಸಾಕು. ಕ್ಯಾಶ್‌ಬ್ಯಾಕ್ ಆಸೆಗೆ ನಾಲ್ಕು ಇಟ್ಟುಕೊಂಡವರನ್ನು ನೋಡಿದ್ದೇನೆ, ಯಾವುದರಿಂದ ಯಾರಿಗೆ ಕಳಿಸಿದ್ದು ಅಂತ ಹುಡುಕುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ. ಜೆಸ್ಕಾಂ ಕರೆಂಟ್ ಬಿಲ್ ಕೂಡ ಅದೇ ಆ್ಯಪಿನಲ್ಲಿ ಕಟ್ಟಬಹುದು, ಬಿಲ್ಲಿನ ಮೇಲಿರುವ ಅಕೌಂಟ್ ಐಡಿ ಹಾಕಿದರೆ ಸಾಕು. ಡಿಶ್, ಗ್ಯಾಸ್, ರೀಚಾರ್ಜ್ ಎಲ್ಲಕ್ಕೂ ಬೇರೆ ಬೇರೆ ಆ್ಯಪ್ ಬೇಡವೇ ಬೇಡ.

ಇನ್ನು ಖರೀದಿ. ಇಲ್ಲಿ ನನ್ನ ಅಭಿಪ್ರಾಯ ಗಟ್ಟಿ ಇದೆ, ವೆಬ್‌ಸೈಟೇ ಸಾಕು. 2015ರ ಮೇ ತಿಂಗಳಲ್ಲಿ ಮಿಂತ್ರಾ ವೆಬ್‌ಸೈಟ್ ಮುಚ್ಚಿ ಇನ್ನು ಆ್ಯಪ್ ಮಾತ್ರ ಅಂದಿತ್ತು. ಮರುವರ್ಷವೇ ವೆಬ್‌ಸೈಟ್ ವಾಪಸ್ ತೆರೆಯಿತು. ಅದರ ಮಾಲೀಕ ಕಂಪನಿ ಫ್ಲಿಪ್‌ಕಾರ್ಟ್ ಕೂಡ 2015ರಲ್ಲೇ ಫೋನಿನ ವೆಬ್‌ಸೈಟ್ ಮುಚ್ಚಿ ಎಲ್ಲರನ್ನೂ ಆ್ಯಪ್ ಕಡೆ ಕಳಿಸುತ್ತಿತ್ತು, ನವೆಂಬರಿನಲ್ಲಿ ಫ್ಲಿಪ್‌ಕಾರ್ಟ್ ಲೈಟ್ ಅನ್ನುವ ಹಗುರ ವೆಬ್‌ಸೈಟ್ ತಂದಿತು. ಅದು ಬ್ರೌಸರಿನಲ್ಲೇ ಓಡುತ್ತದೆ, ಬೇಕಾದ ಭಾಗವನ್ನು ಫೋನಿನಲ್ಲಿ ಉಳಿಸಿಕೊಳ್ಳುತ್ತದೆ, ನಿಧಾನ ನೆಟ್‌ನಲ್ಲೂ ತೆರೆಯುತ್ತದೆ. ಜನ ಎಲ್ಲರೂ ಆ್ಯಪ್ ಹಾಕಿಕೊಳ್ಳುವುದಿಲ್ಲ ಅಂತ ಅಷ್ಟು ದೊಡ್ಡ ಕಂಪನಿಗಳಿಗೇ ಗೊತ್ತಾಗಿದ್ದು ಹೀಗೆ. ಅಷ್ಟಕ್ಕೂ ಐಫೋನ್ 2007ರಲ್ಲಿ ಬಂದಾಗ ಆ್ಯಪ್ ಸ್ಟೋರ್ ಇರಲೇ ಇಲ್ಲ, ಅದು ಬಂದಿದ್ದು ಮರುವರ್ಷ ಜುಲೈನಲ್ಲಿ. ಅಲ್ಲಿಯವರೆಗೆ ಹೊರಗಿನವರು ಏನು ಮಾಡಿದರೂ ವೆಬ್‌ನಲ್ಲೇ ಮಾಡಬೇಕಿತ್ತು.

ಬ್ರೌಸರಿನಲ್ಲಿ ಖರೀದಿ ಮಾಡುವುದರ ದೊಡ್ಡ ಲಾಭ ಏನು ಗೊತ್ತಾ? ಎರಡು ಅಂಗಡಿಯ ಬೆಲೆಯನ್ನು ಎರಡು ಟ್ಯಾಬ್‌ನಲ್ಲಿ ಪಕ್ಕಪಕ್ಕ ನೋಡಬಹುದು. ವಸ್ತುವಿನ ಹೆಸರನ್ನು ಕಾಪಿ ಮಾಡಿ ಬೇರೆ ಕಡೆ ಹುಡುಕಬಹುದು. ಆ್ಯಪಿನೊಳಗೆ ಎಷ್ಟೋ ಕಡೆ ಅಕ್ಷರ ಕಾಪಿಯೇ ಆಗುವುದಿಲ್ಲ. ಕೆಲಸ ಮುಗಿದ ಮೇಲೆ ಟ್ಯಾಬ್ ಮುಚ್ಚಿದರೆ ಮುಗಿಯಿತು, ಮಧ್ಯಾಹ್ನ ಊಟಕ್ಕೆ ಕೂತಾಗ "ನಿಮ್ಮ ಕಾರ್ಟ್ ಕಾಯುತ್ತಿದೆ" ಅನ್ನುವ ಗಂಟೆ ಹೊಡೆಯುವುದಿಲ್ಲ. ಕೆಲವು ವೆಬ್‌ಸೈಟ್‌ಗಳೂ ನೋಟಿಫಿಕೇಶನ್ ಕೇಳುತ್ತವೆ, ಅಲ್ಲಿ "ನಿರ್ಬಂಧಿಸಿ" ಒತ್ತಿ. ಆ್ಯಪಿನಲ್ಲಿ ಮಾತ್ರ ರಿಯಾಯಿತಿ ಅಂತ ತೋರಿಸುತ್ತಾರಲ್ಲ, ಅದು ಎಷ್ಟು ರೂಪಾಯಿ ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ. ದೊಡ್ಡ ಮೊತ್ತ ಆದರೆ ಆ್ಯಪ್ ಹಾಕಿ, ಖರೀದಿಸಿ, ಮಾಲು ಮನೆಗೆ ಬಂದು ವಾಪಸ್ ಕಳಿಸುವ ಅವಧಿ ಮುಗಿದ ಮೇಲೆ ತೆಗೆದುಹಾಕಿ.

ನಮ್ಮೂರಿನ ಸೂಪರ್ ಮಾರ್ಕೆಟ್ ಪ್ರದೇಶದ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ ಮಾಡುವಾಗ ಆ್ಯಪ್ ಹಾಕಿದರೆ ರಿಯಾಯಿತಿ ಅಂದರು. ಕೌಂಟರಿನ ಹುಡುಗನೇ ನನ್ನ ಫೋನಿಗೆ ಕೈ ಚಾಚಿದ. ನಾನು ಕೊಡಲಿಲ್ಲ, ನಾನೇ ಹಾಕಿ ನೋಡಿದೆ. ತೆರೆದ ಕೂಡಲೇ ಕಾಂಟ್ಯಾಕ್ಟ್ ಬೇಕು, ಜಾಗ ಬೇಕು, ಫೋಟೊ ಬೇಕು. ಸೀರೆ ಮಾರುವವರಿಗೆ ನನ್ನ ಕಾಂಟ್ಯಾಕ್ಟ್ ಪಟ್ಟಿ ಯಾಕೆ? ಎಲ್ಲಕ್ಕೂ ಬೇಡ ಒತ್ತಿದರೆ ಆ್ಯಪ್ ಮುಂದೆ ಹೋಗಲೇ ಇಲ್ಲ. ರಿಯಾಯಿತಿ ಬೇಡ ಅಂತ ಹೇಳಿ ಪೂರ್ತಿ ದುಡ್ಡು ಕೊಟ್ಟು ಬಂದೆ. ಹಬ್ಬದ ಖರೀದಿಗೆ ಹೋದವರಿಗೆ ಹಿಂದೆ ಸಾಲು ನಿಂತಿರುತ್ತದೆ, ಅವಸರದಲ್ಲಿ ಎಲ್ಲಕ್ಕೂ ಹೂಂ ಅಂದುಬಿಡುತ್ತಾರೆ, ಅದೇ ನನಗೆ ಬೇಜಾರು.

ಈ ಅನುಮತಿ ವಿಷಯವನ್ನು ಸ್ವಲ್ಪ ಗಂಭೀರವಾಗಿ ತೆಗೆದುಕೊಳ್ಳಿ. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಆ್ಯಪ್ ಒಂದೊಂದಕ್ಕೂ ಕೇಳಿಯೇ ತೆಗೆದುಕೊಳ್ಳಬೇಕು, ಕೊಟ್ಟಿದ್ದನ್ನು ನಾವು ವಾಪಸ್ ಪಡೆಯಬಹುದು. ಆದರೆ ಒಮ್ಮೆ ಹೂಂ ಅಂದರೆ ಕಾಂಟ್ಯಾಕ್ಟ್ ಪಟ್ಟಿ ಪೂರ್ತಿ ಅವರ ಕೈಗೆ. ವೆಬ್‌ಸೈಟಿಗೆ ಹಾಗೆ ಇಡೀ ಪಟ್ಟಿಯನ್ನು ಎತ್ತಿಕೊಳ್ಳುವ ದಾರಿಯೇ ಇಲ್ಲ, ಎಸ್‌ಎಂಎಸ್ ಡಬ್ಬಿಯನ್ನೂ ಅದು ಓದಲಾರದು. ದಿಢೀರ್ ಸಾಲದ ಆ್ಯಪ್‌ಗಳು ಮಾಡಿದ ಅನಾಹುತ ಎಲ್ಲರಿಗೂ ಗೊತ್ತಿದೆ, ಕಂತು ತಪ್ಪಿದರೆ ನೆಂಟರಿಷ್ಟರಿಗೆಲ್ಲ ಫೋನ್ ಮಾಡಿ ಮರ್ಯಾದೆ ತೆಗೆಯುತ್ತಿದ್ದರು. 2022ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ನಿಯಮ ತಂದು, ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್ ಪಟ್ಟಿ, ಕರೆಗಳ ದಾಖಲೆ, ಫೋಟೊ ಮತ್ತು ಫೈಲ್ ಮುಟ್ಟಬಾರದು ಅಂತ ಹೇಳಿತು. ಹಾಗಾಗಿ ಇವತ್ತು ಯಾವುದಾದರೂ ಸಾಲದ ಆ್ಯಪ್ ಕಾಂಟ್ಯಾಕ್ಟ್ ಕೇಳಿದರೆ ಅಲ್ಲಿಗೇ ನಿಲ್ಲಿಸಿ, ಅದು ನಿಯಮ ಮೀರುತ್ತಿದೆ ಅಂತಲೇ ಅರ್ಥ.

ಇನ್ನೂ ದೊಡ್ಡ ಅಪಾಯ ವಾಟ್ಸ್ಆ್ಯಪಿನಲ್ಲಿ ಬರುವ ಎಪಿಕೆ ಫೈಲು, ಅಂದರೆ ಒತ್ತಿದರೆ ಫೋನಿನಲ್ಲಿ ಆ್ಯಪ್ ಕೂರಿಸುವ ಫೈಲು. ನಿಮ್ಮ ಗಾಡಿಗೆ ದಂಡ ಬಿದ್ದಿದೆ ಅಂತ ಒಂದು, ಮದುವೆ ಆಮಂತ್ರಣ ಅಂತ ಒಂದು, ಪಿಎಂ ಕಿಸಾನ್ ಕಂತು ಅಂತ ಒಂದು. ಗೊತ್ತಿರುವವರ ನಂಬರಿನಿಂದಲೇ ಬರುತ್ತದೆ, ಯಾಕೆಂದರೆ ಅವರ ಫೋನ್ ಮೊದಲೇ ಹೋಗಿರುತ್ತದೆ. ಒತ್ತಿದರೆ ಆ್ಯಪ್ ಕೂರುತ್ತದೆ, ಎಸ್‌ಎಂಎಸ್ ಓದುತ್ತದೆ, ಓಟಿಪಿ ಅವರ ಕೈಗೆ, ಖಾತೆ ಖಾಲಿ. ದಂಡ ಇದೆಯಾ ಅಂತ ನೋಡಬೇಕಾದರೆ echallan.parivahan.gov.in ಅಂತ ನೀವೇ ಟೈಪ್ ಮಾಡಿ ತೆರೆದು ಗಾಡಿ ನಂಬರ್ ಹಾಕಿ. ಲಗ್ನಪತ್ರಿಕೆ ಫೋಟೊ ಆಗಿಯೋ ಪಿಡಿಎಫ್ ಆಗಿಯೋ ಬರುತ್ತದೆ, ಎಪಿಕೆ ಆಗಿ ಯಾವತ್ತೂ ಬರುವುದಿಲ್ಲ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ವೆಬ್‌ಸೈಟ್‌ಗಳೆಲ್ಲ ಸಾಚಾ ಅಂತ ನಾನು ಹೇಳುತ್ತಿಲ್ಲ. ಗೂಗಲಿನಲ್ಲಿ ಹುಡುಕಿದಾಗ ಮೇಲೆ ಬರುವುದು ಎಷ್ಟೋ ಸಲ ಜಾಹೀರಾತು, ಅದರಲ್ಲಿ ನಕಲಿ ಪುಟಗಳೂ ಇರುತ್ತವೆ. ಕಸ್ಟಮರ್ ಕೇರ್ ನಂಬರ್ ಹುಡುಕಿ ಮೋಸ ಹೋದವರು ನಮ್ಮ ಓಣಿಯಲ್ಲೇ ಇದ್ದಾರೆ. ಸರ್ಕಾರದ ಕೆಲಸ ಅಂದರೆ ವಿಳಾಸದ ಕೊನೆಯಲ್ಲಿ ಜಿಒವಿ ಡಾಟ್ ಇನ್ ಇದೆಯಾ ನೋಡಿ. ಬೀಗದ ಗುರುತು ಇದ್ದ ಮಾತ್ರಕ್ಕೆ ನಂಬಬೇಡಿ, ಕಳ್ಳರ ಪುಟಕ್ಕೂ ಬೀಗ ಸಿಗುತ್ತದೆ. ಸರಿಯಾದ ವಿಳಾಸ ಒಮ್ಮೆ ಸಿಕ್ಕ ಮೇಲೆ ಮತ್ತೆ ಮತ್ತೆ ಗೂಗಲಿನಲ್ಲಿ ಹುಡುಕಬೇಡಿ, ಉಳಿಸಿಟ್ಟುಕೊಳ್ಳಿ.

ಉಳಿಸುವುದು ಅಂದರೆ ಬುಕ್‌ಮಾರ್ಕ್ ಅಲ್ಲ, ಅದಕ್ಕಿಂತ ಸುಲಭದ್ದು ಇದೆ. ನಮ್ಮ ಪಕ್ಕದ ಮನೆ ಕಾಕಾ ನನಗೆ ಹೇಳಿದ್ದು ಇದು, "ತಮ್ಮಾ, ನನಗ ಆ ಗೂಗಲ್ಲು, ಅಡ್ರೆಸ್ಸು ಏನೂ ತಿಳಿಯಂಗಿಲ್ಲ. ಒಂದು ಚಿತ್ರ ಇಟ್ಟು ಕೊಡು, ಒತ್ತತೀನಿ." ಅವರ ಮಾತು ನೂರಕ್ಕೆ ನೂರು ಸರಿ. ಆ್ಯಪ್ ಜನರಿಗೆ ಹಿಡಿಸುವುದು ಇದಕ್ಕೇ, ಒಂದು ಚಿತ್ರ, ಒಂದು ಒತ್ತು. ಆದರೆ ವೆಬ್‌ಸೈಟಿಗೂ ಆ ಚಿತ್ರ ಇಡಬಹುದು. ಕ್ರೋಮ್‌ನಲ್ಲಿ ಪುಟ ತೆರೆದು, ಮೇಲಿನ ಮೂರು ಚುಕ್ಕಿ ಒತ್ತಿ, "ಹೋಮ್ ಸ್ಕ್ರೀನ್‌ಗೆ ಸೇರಿಸಿ" ಆರಿಸಿ. ಐಫೋನ್ ಆದರೆ ಸಫಾರಿಯಲ್ಲಿ ಹಂಚಿಕೊಳ್ಳುವ ಗುರುತು ಒತ್ತಿದರೆ ಅದೇ ಆಯ್ಕೆ ಬರುತ್ತದೆ. ಕಾಕಾನ ಫೋನಿನಲ್ಲಿ ಪಹಣಿ, ಪಿಎಂ ಕಿಸಾನ್, ಒಂದು ಪೇಪರ್, ಇಷ್ಟು ಹೀಗೆ ಇಟ್ಟುಕೊಟ್ಟೆ. ಈಗ ಅವರೇ ಒತ್ತಿ ನೋಡುತ್ತಾರೆ, ಆ್ಯಪೋ ವೆಬ್‌ಸೈಟೋ ಅನ್ನುವುದು ಅವರಿಗೆ ಬೇಕಾಗಿಯೂ ಇಲ್ಲ.

ಕಣ್ಣು ಮಂದ ಇರುವವರಿಗೆ, ಇಂಗ್ಲಿಷ್ ಬಾರದವರಿಗೆ ಬ್ರೌಸರ್ ಇನ್ನೊಂದು ಉಪಕಾರ ಮಾಡುತ್ತದೆ. ಅಕ್ಷರ ದೊಡ್ಡದು ಮಾಡಬಹುದು. ಇಂಗ್ಲಿಷ್ ಪುಟವನ್ನು ಕ್ರೋಮ್ ಕನ್ನಡಕ್ಕೆ ತಿರುಗಿಸಿ ತೋರಿಸುತ್ತದೆ, ಭಾಷೆ ಅಲ್ಲಲ್ಲಿ ಒರಟು, ಆದರೆ ವಿಷಯ ತಿಳಿಯುತ್ತದೆ. ಆ್ಯಪಿನಲ್ಲಿ ಮಾಡಿದವರು ಕನ್ನಡ ಇಟ್ಟಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಇಟ್ಟಿದ್ದಾರಾ ಅಂತ ಒಮ್ಮೆ ಸೆಟ್ಟಿಂಗ್ಸ್‌ನಲ್ಲಿ ನೋಡಿ, ಆಂಡ್ರಾಯ್ಡ್ 13 ಮತ್ತು ನಂತರದ ಫೋನುಗಳಲ್ಲಿ ಒಂದೊಂದು ಆ್ಯಪಿಗೆ ಒಂದೊಂದು ಭಾಷೆ ಇಡಬಹುದು.

ಜಾಗದ ಲೆಕ್ಕಕ್ಕೆ ಬರುತ್ತೇನೆ. ಪ್ಲೇ ಸ್ಟೋರಿನಲ್ಲಿ ತೋರಿಸುವುದು ಇಳಿಸುವಾಗಿನ ಗಾತ್ರ ಮಾತ್ರ. ಹಾಕಿದ ಮೇಲೆ ಅದು ಬಿಚ್ಚಿಕೊಳ್ಳುತ್ತದೆ, ಬಳಸಿದ ಹಾಗೆಲ್ಲ ಚಿತ್ರ, ವಿಡಿಯೋ ತುಂಬಿಕೊಳ್ಳುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಪಟ್ಟಿಗೆ ಹೋಗಿ, ಒಂದನ್ನು ಒತ್ತಿ, ಸಂಗ್ರಹಣೆ ನೋಡಿ. ಆ್ಯಪ್ ಒಂದು ಸಾಲು, ಡೇಟಾ ಒಂದು ಸಾಲು, ಕ್ಯಾಶ್ (ತಾತ್ಕಾಲಿಕವಾಗಿ ಉಳಿಸಿಕೊಂಡ ಫೈಲುಗಳು) ಒಂದು ಸಾಲು. ಕ್ಯಾಶ್ ಅಳಿಸಿದರೆ ಏನೂ ತೊಂದರೆ ಇಲ್ಲ. ಡೇಟಾ ಅಳಿಸಿದರೆ ಮತ್ತೆ ಮೊದಲಿನಿಂದ ಲಾಗಿನ್ ಆಗಬೇಕು, ಹಣದ ಆ್ಯಪಿನಲ್ಲಿ ಅದನ್ನು ಮುಟ್ಟಬೇಡಿ. ಫೋನ್ ತುಂಬಿದಾಗ ಮೊದಲು ವಾಟ್ಸ್ಆ್ಯಪ್ ವಿಡಿಯೋ ಅಳಿಸಿ, ಆಮೇಲೆ ಮೂರು ತಿಂಗಳಿಂದ ತೆರೆಯದ ಆ್ಯಪ್‌ಗಳನ್ನು ಒಂದೊಂದಾಗಿ ತೆಗೆಯಿರಿ.

ಅವ್ವನ ರಕ್ತ ಪರೀಕ್ಷೆ ಮಾಡಿಸಿದಾಗ ಇದೇ ಜಾಗದ ಸಮಸ್ಯೆ ಎದುರಾಯಿತು. ಲ್ಯಾಬಿನವರು ರಿಪೋರ್ಟ್ ಆ್ಯಪಿನಲ್ಲಿ ಬರುತ್ತದೆ ಅಂದರು. ಅವ್ವನ ಫೋನಿನಲ್ಲಿ ಇಳಿಸಲು ಹೋದರೆ ಜಾಗ ಸಾಲದು ಅನ್ನುವ ಸೂಚನೆ. ಅವ್ವ ಮೊಮ್ಮಗಳ ಫೋಟೊ ಅಳಿಸೋದು ಬ್ಯಾಡ ಅಂದಳು. ಒಂದು ಪುಟದ ಶುಗರ್ ರಿಪೋರ್ಟಿಗೆ ಫೋಟೊ ಯಾಕೆ ಅಳಿಸಬೇಕು? ಪಿಡಿಎಫ್ ವಾಟ್ಸ್ಆ್ಯಪ್ ಮಾಡಿ, ಇಲ್ಲ ಅಂದರೆ ಕಾಗದದಲ್ಲೇ ಕೊಡಿ ಅಂತ ಕೇಳಿದೆ. ಮೊದಲು ಆಗಲ್ಲ ಅಂದರು, ಆಮೇಲೆ ಕೊಟ್ಟರು. ಸಂಕೋಚ ಪಡಬೇಡಿ, ಹೀಗೆ ಕೇಳಿ. ದುಡ್ಡು ಕೊಟ್ಟಿರುವುದು ಪರೀಕ್ಷೆಗೆ, ಆ್ಯಪಿಗಲ್ಲ.

ಇದಕ್ಕೆ ಎದುರಾಗಿ ಒಂದು ಒಳ್ಳೆಯದನ್ನೂ ಹೇಳಬೇಕು. ಸ್ಟೇಷನ್ ರಸ್ತೆ ಕಡೆ ಒಂದು ಹೋಟೆಲಿನಲ್ಲಿ ಟೇಬಲ್ ಮೇಲೆ ಕ್ಯೂಆರ್ ಅಂಟಿಸಿದ್ದರು. ಕ್ಯಾಮೆರಾ ಹಿಡಿದ ಕೂಡಲೇ ಪುಟ ತೆರೆಯಿತು, ಆ್ಯಪ್ ಇಲ್ಲ, ಫೋನ್ ನಂಬರ್ ಕೇಳಲಿಲ್ಲ, ಓಟಿಪಿ ಇಲ್ಲ. ಮೇಲೆ ಕನ್ನಡದಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆಳಗೆ ತಹರಿ, ಪಕ್ಕದಲ್ಲಿ ದರ. ತೀರಿಹೋದ ಪದಾರ್ಥವನ್ನು ಬೂದು ಬಣ್ಣದಲ್ಲಿ ತೋರಿಸಿದ್ದರು. ನಿಧಾನ ನೆಟ್‌ನಲ್ಲೂ ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ಮೊಬೈಲ್ ಬೇಡ ಅನ್ನುವವರಿಗೆ ಅಚ್ಚು ಹಾಕಿದ ಮೆನು ಕಾರ್ಡೂ ಗಲ್ಲಾದಲ್ಲಿತ್ತು.

ಈ ಊರಲ್ಲಿ ಅಂಗಡಿ, ಹೋಟೆಲು, ಕ್ಲಿನಿಕ್ ನಡೆಸುವವರು ಯಾರಾದರೂ ಓದುತ್ತಿದ್ದರೆ ಒಂದು ಮಾತು. ಆ್ಯಪ್ ಮಾಡಿಕೊಡುತ್ತೇವೆ ಅಂತ ಬಂದವರಿಗೆ ಲಕ್ಷಗಟ್ಟಲೆ ಸುರಿಯುವ ಮೊದಲು ಒಂದು ಒಳ್ಳೆಯ ವೆಬ್‌ಸೈಟ್ ಮಾಡಿಸಿ. ಕನ್ನಡ ಇರಲಿ, ದರ ಇರಲಿ, ಎಷ್ಟು ಗಂಟೆಗೆ ತೆಗೆಯುತ್ತೀರಿ, ಯಾವ ವಾರ ರಜೆ ಅಂತ ಇರಲಿ, ಒತ್ತಿದರೆ ಕರೆ ಹೋಗುವ ಹಾಗೆ ಫೋನ್ ನಂಬರ್ ಇರಲಿ. ಹಳೆಯ ಫೋನಿನಲ್ಲಿ, ಊರಾಚೆ ರಿಂಗ್ ರೋಡಿನಲ್ಲಿ ನಿಂತು ಒಮ್ಮೆ ನೀವೇ ತೆರೆದು ನೋಡಿ, ಬೇಗ ತೆರೆದರೆ ನಾವು ಖಂಡಿತ ಬರುತ್ತೇವೆ.